ವಾಡಿಕೆ ಮಳೆ ಬಂದರೂ ಅಲಸಂದೆ ಕೈಕೊಡುವುದೇಕೆ?

"ಮಳೆಯೇನೋ ವಾಡಿಕೆಯಷ್ಟೇ ಬಂತು ಕಣಣ್ಣ, ಅಲಸಂದೆ ಮಾತ್ರ ಕೈಗೆ ಹತ್ತಲಿಲ್ಲ." ನಾಗಮಂಗಲ, ಕೆ.ಆರ್. ಪೇಟೆ, ನಂಜನಗೂಡು ಕಡೆಯ ಖುಷ್ಕಿ (ಮಳೆಯನ್ನೇ ನಂಬಿದ) ಹೊಲದವರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತೇವೆ. ಹೋಬಳಿಯ ಮಳೆ ಲೆಕ್ಕ ತೆಗೆದು ನೋಡಿದರೆ ಬರದ ಸುಳಿವೇ ಇರುವುದಿಲ್ಲ. ಆದರೆ ಗಿಡದೊಳಗೆ ಬರ ಬಂದು, ತನ್ನ ಕೆಲಸ ಮುಗಿಸಿ ಹೋಗಿರುತ್ತದೆ.

ಬರವೆಂದರೆ ವರ್ಷದ ಮಳೆಯಲ್ಲಿ ಬಿದ್ದ ಕೊರತೆ ಎಂದಷ್ಟೇ ತಿಳಿದರೆ ಕಾಳುಬೆಳೆಯ ಹೊಲದಲ್ಲಿ ಆಗುವುದರಲ್ಲಿ ಅರ್ಧವೂ ಅರ್ಥವಾಗುವುದಿಲ್ಲ. ಯಾವ ಹತ್ತು ದಿನ ನೀರು ತಪ್ಪಿತು, ಆ ಹತ್ತು ದಿನ ಗಿಡ ಯಾವ ಕೆಲಸದಲ್ಲಿತ್ತು ಎಂಬುದರ ಮೇಲೆ ಇಳುವರಿ ನಿಂತಿದೆ. ಗಿಡ ಬಾಡಿದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ನಷ್ಟದ ದೊಡ್ಡ ಪಾಲು ಆಗಿಹೋಗಿರುತ್ತದೆ. ಈ ಬರಹ ಬರೆಯಲು ಕೂತದ್ದು ಆ ಕಾಣದ ಪಾಲನ್ನು ಬಿಡಿಸಿ ಹೇಳಲಿಕ್ಕೆ.

ಕೆಂಪುಮಣ್ಣಿನಲ್ಲಿ ಎಷ್ಟು ದಿನದ ನೀರು?

ಮೈಸೂರು, ಮಂಡ್ಯ ಎಂದ ಕೂಡಲೇ ಹೊರಗಿನವರ ಕಣ್ಣಿಗೆ ಬರುವುದು ಕೆಆರ್‌ಎಸ್, ವಿಶ್ವೇಶ್ವರಯ್ಯ ನಾಲೆ, ಭತ್ತ, ಕಬ್ಬು. ನಾಲೆ ಹರಿಯದ ಹೊಲಗಳ ಕಥೆ ಬೇರೆಯೇ ಇದೆ. ಇಲ್ಲಿನ ಬಹುಪಾಲು ಜಾಗ ರಾಜ್ಯದ ದಕ್ಷಿಣ ಒಣ ವಲಯಕ್ಕೆ ಸೇರಿದ್ದು, ವರ್ಷಕ್ಕೆ 700ರಿಂದ 800 ಮಿಲಿಮೀಟರ್ ಆಸುಪಾಸಿನ ಮಳೆ ಕಾಣುತ್ತದೆ. ಅದೂ ಎರಡು ಕಂತಿನಲ್ಲಿ. ಅಶ್ವಿನಿ, ಭರಣಿ, ಕೃತ್ತಿಕೆಗಳಲ್ಲಿ ಗುಡುಗು ಸಹಿತ ಮಳೆ ಬಿದ್ದು ಮೇ ತಿಂಗಳಲ್ಲಿ ಒಮ್ಮೆ ಏರುತ್ತದೆ. ಜೂನ್, ಜುಲೈನಲ್ಲಿ ಇಳಿದು ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರಾಗುತ್ತದೆ. ಮಲೆನಾಡು ತೊಯ್ದು ತೊಪ್ಪೆಯಾಗುವ ಆಷಾಢದಲ್ಲಿ ನಮ್ಮ ಕಡೆ ಆಕಾಶದ ತುಂಬ ಮೋಡ, ನೆಲದ ಮೇಲೆ ಬರೀ ಗಾಳಿ.

ನಡುವಿನ ಈ ಬಿಡುವನ್ನು ಬೆಳೆ ದಾಟಬೇಕಾದರೆ ಮಣ್ಣಿನಲ್ಲಿ ನೀರಿರಬೇಕು. ಇಲ್ಲಿ ಒಂದು ಸರಳ ಲೆಕ್ಕ ಹಾಕೋಣ. ನಮ್ಮ ಮರಳುಮಿಶ್ರಿತ ಕೆಂಪುಮಣ್ಣು ಒಂದು ಮೀಟರ್ ಆಳಕ್ಕೆ ಗಿಡಕ್ಕೆ ಸಿಗುವಂಥ ನೀರನ್ನು ಸುಮಾರು 100 ಮಿಲಿಮೀಟರ್ ಹಿಡಿಯುತ್ತದೆ. ಬಹಳ ಹೊಲಗಳಲ್ಲಿ ಒಂದೂವರೆ ಅಡಿ ಕೆಳಗೆ ಹೋದರೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು ಸಿಗುತ್ತದೆ. ಅಂದರೆ ಬೇರಿಗೆ ದಕ್ಕುವುದು 40ರಿಂದ 50 ಮಿಲಿಮೀಟರ್ ಮಾತ್ರ. ಹೊಲ ಪೂರ್ತಿ ಹಸಿರು ಮುಚ್ಚಿದ ಅಲಸಂದೆ ಬೆಳೆ ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರನ್ನು ಆವಿ ಮಾಡುತ್ತದೆ. ಒಂದು ಒಳ್ಳೆ ಮಳೆ ಬಿದ್ದು ಮಣ್ಣು ತುಂಬಿಕೊಂಡರೂ ಅದು ಹತ್ತು ದಿನದ ಬಾಬತ್ತು. ಅದರಲ್ಲೂ ಕೊನೆಯ ಅರ್ಧವನ್ನು ಹೀರಲು ಗಿಡ ಒದ್ದಾಡಬೇಕು. ಹೀಗಾಗಿ ಆರನೇ ಏಳನೇ ದಿನಕ್ಕೇ ಗಿಡದೊಳಗೆ ಬರ ಶುರುವಾಗುತ್ತದೆ. ನಂಜನಗೂಡು, ತಿ. ನರಸೀಪುರದ ಕೆಲವು ಕಡೆ ಇರುವ ಎರೆಭೂಮಿ ಇದರ ಒಂದೂವರೆ ಪಟ್ಟು, ಎರಡು ಪಟ್ಟು ನೀರು ಹಿಡಿಯುತ್ತದೆ. ಒಂದೇ ಮಳೆ ಕಂಡ ಎರಡು ಹೊಲಗಳ ಇಳುವರಿ ಬೇರೆಯಾಗಲು ಈ ವ್ಯತ್ಯಾಸವೊಂದೇ ಸಾಕು.

ಬಾಡುವ ಮೊದಲು

ನೀರು ಕಡಿಮೆಯಾದಾಗ ಗಿಡದಲ್ಲಿ ಮೊಟ್ಟಮೊದಲು ನಿಲ್ಲುವುದು ಎಲೆಯ ಬೆಳವಣಿಗೆ. ಎಳೆ ಎಲೆ ದೊಡ್ಡದಾಗುವುದು ಅದರ ಜೀವಕೋಶಗಳು ನೀರು ತುಂಬಿ ಹಿಗ್ಗುವುದರಿಂದ. ಒಳಗಿನ ಒತ್ತಡ ಒಂದಿಷ್ಟು ಇಳಿದರೂ ಹಿಗ್ಗುವುದು ನಿಲ್ಲುತ್ತದೆ. ಆಗ ಗಿಡ ಬಾಡಿರುವುದಿಲ್ಲ, ಹಸಿರಾಗಿಯೇ ಇರುತ್ತದೆ. ಹೊಸದಾಗಿ ಬಿಚ್ಚಿದ ಎಲೆ ಮಾತ್ರ ಅದರ ಕೆಳಗಿನದಕ್ಕಿಂತ ಚಿಕ್ಕದು. ಅದನ್ನು ಗುರುತಿಸಲು ಹೊಲದಲ್ಲಿ ಬಗ್ಗಿ ನೋಡಬೇಕು, ಬದುವಿನ ಮೇಲೆ ನಿಂತರೆ ಕಾಣುವುದಿಲ್ಲ.

ಇದೇ ಹೊತ್ತಿಗೆ ಒಣಗುತ್ತಿರುವ ಬೇರು ಮತ್ತು ಎಲೆಗಳಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಅದರ ಸೂಚನೆಗೆ ಎಲೆಯ ಮೇಲಿನ ಸೂಕ್ಷ್ಮ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಆವಿಯಾಗುವುದು ತಗ್ಗುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಅದೇ ರಂಧ್ರಗಳಿಂದ. ನೀರುಳಿಸಿದಷ್ಟೂ ಸಕ್ಕರೆ ತಯಾರಿಕೆ ಕಡಿಮೆ. ಆವಿಯಾಗುವ ನೀರಿನಿಂದಲೇ ತಂಪಾಗಿರುತ್ತಿದ್ದ ಎಲೆ ಬಿಸಿಯೂ ಆಗುತ್ತದೆ.

ಬಿಸಿಯಿಂದ ತಪ್ಪಿಸಿಕೊಳ್ಳಲು ಕಾಳುಬೆಳೆಗಳಿಗೆ ಒಂದು ವಿದ್ಯೆ ಗೊತ್ತು. ಮಳೆ ಹೋಗಿ ವಾರವಾದ ಅಲಸಂದೆ ಅಥವಾ ಹುರುಳಿ ಹೊಲಕ್ಕೆ ಮಧ್ಯಾಹ್ನ ಹನ್ನೆರಡು, ಒಂದು ಗಂಟೆಗೆ ಹೋಗಿ ನೋಡಿ. ಬೆಳಿಗ್ಗೆ ಅಂಗೈಯಂತೆ ಅಗಲಿಸಿಕೊಂಡಿದ್ದ ಮೂರೆಲೆಗಳು ಈಗ ನಿಟ್ಟನೆ ನಿಂತು, ಬಿಸಿಲಿಗೆ ಅಂಚನ್ನಷ್ಟೇ ತೋರಿಸುತ್ತಿರುತ್ತವೆ. ಎಲೆಯ ಹೊದಿಕೆ ತೆಳ್ಳಗಾಗಿ ಹೊಲದ ನೆಲ ಜಾಸ್ತಿ ಕಾಣುತ್ತದೆ. ಒಂದು ಎಲೆಯನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಬಗ್ಗಿಸಿದರೆ ಬಿರುಸಾಗಿಯೇ ಇರುತ್ತದೆ, ಜೋತುಬಿದ್ದಿರುವುದಿಲ್ಲ. ಪ್ರತಿ ಎಲೆಯ ಬುಡದಲ್ಲಿ ಒಂದು ಪುಟ್ಟ ದಪ್ಪ ಗೆಣ್ಣು ಇದೆ. ಅದರ ಒಂದು ಮಗ್ಗುಲಿನ ಕೋಶಗಳು ನೀರು ಬಿಟ್ಟುಕೊಟ್ಟು, ಇನ್ನೊಂದು ಮಗ್ಗುಲಿನವು ತುಂಬಿಕೊಂಡು ಎಲೆಯನ್ನು ತಿರುಗಿಸುತ್ತವೆ. ಸಂಜೆಗೆ ಎಲ್ಲ ಮೊದಲಿನಂತೆ. ರೈತನಿಗೆ ಹೊಲ ಕೊಡುವ ಮೊದಲ ಸ್ಪಷ್ಟ ಸೂಚನೆ ಇದು. ಬಾಡುವುದಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಸಿಗುತ್ತದೆ.

ಬಿತ್ತಿ ಮೂರು ವಾರದೊಳಗೆ ಬರುವ ಚಿಕ್ಕ ಒಣ ಅವಧಿಯಿಂದ ಅಷ್ಟಾಗಿ ಹೆದರಬೇಕಿಲ್ಲ. ಮೇಲ್ಭಾಗ ಬೆಳೆಯುವುದು ನಿಂತಾಗಲೂ ಬೇರು ಬೆಳೆಯುತ್ತಲೇ ಇರುತ್ತದೆ, ತೇವ ಹುಡುಕಿಕೊಂಡು ಕೆಳಗಿಳಿಯುತ್ತದೆ. ಮೇ ತಿಂಗಳಿಡೀ ಮಳೆ ಹಿಡಿದು ಬೆಳೆದ ಅಲಸಂದೆ ಸೊಕ್ಕಿ ಬಳ್ಳಿ ಹೋಗಿ, ಬೇರು ಮೇಲೇ ಉಳಿದು, ಜೂನ್ ಬಿಸಿಲಿಗೆ ಒಂದೇ ವಾರದಲ್ಲಿ ಕುಸಿಯುವುದನ್ನು ನೋಡಿದವರಿಗೆ ಈ ಮಾತು ಹೊಸದಲ್ಲ.

ಬೇರುಗಂಟಿನ ಸಂಕಟ

ರಾಗಿಗೂ ಕಾಳುಬೆಳೆಗೂ ಬರದ ವಿಷಯದಲ್ಲಿ ಇರುವ ಬಲು ದೊಡ್ಡ ವ್ಯತ್ಯಾಸ ಮಣ್ಣಿನೊಳಗಿದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ಕಾಳುಬೆಳೆಯ ಬೇರುಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ಅದನ್ನು ಹಿಡಿದು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತದೆ. ಕಾಳಿನಲ್ಲಿ ಪ್ರೋಟೀನ್ ಸಮೃದ್ಧವಾಗಿರುವುದರ ಗುಟ್ಟು ಇದೇ.

ಆದರೆ ಇದು ಪುಕ್ಕಟೆ ಕೆಲಸವಲ್ಲ. ಆಳಿಗೆ ಹೊಟ್ಟೆ ತುಂಬ ಉಣ್ಣಲಿಕ್ಕಿ ಕೆಲಸ ಮಾಡಿಸುವಂತೆ, ಗಿಡ ತಾನು ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಎಲೆಯಿಂದ ಬೇರುಗಂಟಿಗೆ ಕಳಿಸುತ್ತಲೇ ಇರಬೇಕು. ಸಾರಜನಕದ ಒಂದು ಅಣುವನ್ನು ಒಡೆಯಲು ಕನಿಷ್ಠ 16 ಎಟಿಪಿ ಖರ್ಚಾಗುತ್ತದೆ. ಎಟಿಪಿ ಎಂದರೆ ಜೀವಕೋಶದ ಶಕ್ತಿಯ ನಾಣ್ಯ. ಇನ್ನೊಂದು ತೊಡಕೂ ಇದೆ. ಸಾರಜನಕ ಒಡೆಯುವ ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಅದು ಕೆಟ್ಟುಹೋಗುತ್ತದೆ. ಅದೇ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇಬೇಕು. ಈ ಇಕ್ಕಟ್ಟನ್ನು ಬೇರುಗಂಟು ಎರಡು ರೀತಿಯಲ್ಲಿ ಸಂಭಾಳಿಸುತ್ತದೆ. ಅದರ ಹೊರಪದರ ಆಮ್ಲಜನಕವನ್ನು ಅಳೆದು ಒಳಗೆ ಬಿಡುತ್ತದೆ. ಒಳಗೆ ಬಂದದ್ದನ್ನು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಹಿಡಿದು ಬೇಕಾದಷ್ಟನ್ನೇ ಹಂಚುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಜಾತಿಯದೇ ಅದು, ಕಬ್ಬಿಣದ ಅಂಶವಿದೆ, ಬಣ್ಣವೂ ಕೆಂಪು.

ಮಣ್ಣು ಒಣಗತೊಡಗಿದಾಗ ಹೊರಪದರ ಬಿಗಿಯಾಗಿ ಆಮ್ಲಜನಕ ಒಳಹೋಗುವುದು ಕಡಿಮೆಯಾಗುತ್ತದೆ. ಬಂದ ಸಕ್ಕರೆಯನ್ನು ಒಡೆಯುವ ಕಿಣ್ವದ ಚುರುಕೂ ಇಳಿಯುತ್ತದೆ. ತಯಾರಾದ ಸಾರಜನಕ ಪದಾರ್ಥವನ್ನು ಮೇಲಕ್ಕೆ ಒಯ್ಯಲು ಬೇಕಾದಷ್ಟು ನೀರಿನ ಹರಿವಿಲ್ಲದೆ ಅದು ಅಲ್ಲಲ್ಲೇ ಶೇಖರವಾಗಿ, "ಸಾಕು ನಿಲ್ಲಿಸು" ಎಂಬ ಸಂದೇಶವಾಗುತ್ತದೆ. ಎಷ್ಟೋ ಕಾಳುಬೆಳೆಗಳಲ್ಲಿ ಎಲೆಯ ಆಹಾರ ತಯಾರಿಕೆ ಇನ್ನೂ ನಡೆಯುತ್ತಿರುವಾಗಲೇ ಸಾರಜನಕ ಹಿಡಿಯುವ ಕೆಲಸ ಕುಂಟುತ್ತದೆ. ಸೋಯಾ ಅವರೆಯಲ್ಲಿ ಇದನ್ನು ಬಹಳ ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಅಲಸಂದೆ, ಹೆಸರು, ಉದ್ದು, ತೊಗರಿಯಂಥವು ಸಾರಜನಕವನ್ನು ಯೂರೈಡ್ ಎಂಬ ರೂಪದಲ್ಲಿ ಸಾಗಿಸುತ್ತವೆ. ಕಡ್ಲೆಕಾಯಿ, ಕಡಲೆಯಂಥವು ಅಮೈಡ್ ರೂಪದಲ್ಲಿ ಸಾಗಿಸುತ್ತವೆ. ಒಟ್ಟಾರೆ ನೋಡಿದರೆ ಎರಡನೇ ಗುಂಪಿನ ಬೇರುಗಂಟುಗಳು ಬರವನ್ನು ಹೆಚ್ಚು ಹೊತ್ತು ತಡೆದುಕೊಳ್ಳುತ್ತವೆ.

ಇದನ್ನು ನೋಡಲು ಪ್ರಯೋಗಾಲಯ ಬೇಡ. ಹೂವಿಗೆ ಬರುವ ಮೊದಲು ಒಂದು ಅಲಸಂದೆ ಗಿಡವನ್ನು ಕೀಳಬೇಡಿ, ಗುದ್ದಲಿಯಲ್ಲಿ ಮಣ್ಣುಸಮೇತ ಎತ್ತಿ. ಕಿತ್ತರೆ ಗಂಟುಗಳು ನೆಲದಲ್ಲೇ ಉಳಿಯುತ್ತವೆ. ಬಕೆಟ್ ನೀರಲ್ಲಿ ಮೆಲ್ಲಗೆ ಅದ್ದಿ ಮಣ್ಣು ಬಿಡಿಸಿ, ತಾಯಿಬೇರಿನ ಹತ್ತಿರದ ಒಂದು ದಪ್ಪ ಗಂಟನ್ನು ಉಗುರಿನಲ್ಲಿ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ, ಅಥವಾ ಅದು ಕೆಲಸಕ್ಕೆ ಬಾರದ ಗಂಟು. ಹಸಿರು, ಬೂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಅದರ ಕಾಲ ಮುಗಿದಿದೆ. ಹಿಂದಿನ ಹದಿನೈದು ದಿನ ಮಣ್ಣಿನಲ್ಲಿ ಏನು ನಡೆಯಿತೆಂದು ಇಷ್ಟು ನೇರವಾಗಿ ಹೇಳುವ ಸಾಕ್ಷಿ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ.

ಮಳೆ ಮತ್ತೆ ಬಂದರೆ ಬೇರುಗಂಟು ಚೇತರಿಸಿಕೊಳ್ಳುತ್ತದೆಯೇ? ಬರ ಲಘುವಾಗಿದ್ದರೆ ಹೌದು. ಗಂಟು ಒಣಗಿ ಉದುರಿದ್ದರೆ ಹೊಸ ಬೇರಿನ ಮೇಲೆ ಹೊಸ ಗಂಟು ಕಟ್ಟಬೇಕು, ಅದಕ್ಕೆ ವಾರಗಟ್ಟಲೆ ಬೇಕು. 65 ದಿನದ ಹೆಸರಿನಂಥ ಬೆಳೆಗೆ ಅಷ್ಟು ಪುರಸತ್ತಿರುವುದಿಲ್ಲ. ಮೊದಲ ವಾರಗಳ ಚಿಕ್ಕ ಒಣ ಅವಧಿಗೆ ಹೆದರಬೇಕಿಲ್ಲವಾದರೂ ಮಣ್ಣು ಬಹಳ ದಿನ ಒಣಗಿಯೇ ಉಳಿದರೆ ತೊಂದರೆಯೇ, ಬ್ಯಾಕ್ಟೀರಿಯಾ ಬೇರುರೋಮದ ಮೂಲಕ ಒಳಸೇರಲು ತೇವ ಬೇಕು. ಗಂಟು ಕಟ್ಟುವವರೆಗೆ ಗಿಡಕ್ಕೆ ಆಸರೆಯಾಗಲೆಂದೇ ಕಾಳುಬೆಳೆಗೂ ಬಿತ್ತನೆಯಲ್ಲಿ ಎಕರೆಗೆ 10 ಕಿಲೋದಷ್ಟು ಸಾರಜನಕ ಕೊಡಿ ಎಂಬ ಶಿಫಾರಸು ಇರುವುದು.

ಹೂವು ಉದುರುವ ಲೆಕ್ಕ

ಇಳುವರಿ ಎಂದರೆ ಮೂರು ಸಂಖ್ಯೆಗಳ ಗುಣಾಕಾರ: ಗಿಡಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು, ಕಾಳಿಗೆ ಎಷ್ಟು ತೂಕ. ಬರ ಬಿದ್ದಾಗ ಗಿಡ ಮೊದಲು ಬಿಟ್ಟುಕೊಡುವುದು ಕಾಯಿಯ ಸಂಖ್ಯೆ. ಕಾಳಿನ ತೂಕವನ್ನು ಕೊನೆಯವರೆಗೂ ಕಾಪಾಡಲು ನೋಡುತ್ತದೆ. ಗಿಡದ ದೃಷ್ಟಿಯಿಂದ ಇದು ಸರಿಯಾದ ದಾರಿ. ನೂರು ಜೊಳ್ಳಿಗಿಂತ ಮೊಳೆಯಬಲ್ಲ ಹತ್ತು ಕಾಳು ಅದರ ವಂಶಕ್ಕೆ ಮೇಲು. ರೈತನಿಗೆ ಮಾತ್ರ ಚೀಲ ತುಂಬುವುದಿಲ್ಲ.

ಪೆಟ್ಟು ಹೂವು ಅರಳುವ ಮುನ್ನವೇ ಬೀಳುತ್ತದೆ. ಮೊಗ್ಗಿನೊಳಗೆ ಪರಾಗ ರೂಪುಗೊಳ್ಳುವುದು ಅರಳುವ ದಿನಕ್ಕಿಂತ ಎಷ್ಟೋ ದಿನ ಮೊದಲು. ಆಗ ಸಕ್ಕರೆ ಸಾಲದೆ ಹೋದರೆ ಪರಾಗದ ಕಣಗಳು ಪೊಳ್ಳಾಗುತ್ತವೆ. ಹೂವು ಚೆಂದವಾಗಿಯೇ ಅರಳುತ್ತದೆ, ಕಾಯಿ ಕಟ್ಟುವುದಿಲ್ಲ. ಎರಡನೇ ಕುತ್ತು ಗರ್ಭಕಟ್ಟಿದ ಮೊದಲ ಕೆಲವು ದಿನಗಳಲ್ಲಿ. ಹೀಚಿಗೆ ಸಕ್ಕರೆ ಬರುವುದು ತಗ್ಗಿ, ಅಬ್ಸಿಸಿಕ್ ಆಮ್ಲ ಏರಿ, ತೊಟ್ಟಿನಲ್ಲಿ ಕಡಿದುಕೊಳ್ಳುವ ಪದರ ಬೆಳೆದು ಹೀಚು ಕೆಳಗೆ ಬೀಳುತ್ತದೆ. ಹಾಗೆ ನೋಡಿದರೆ ಕಾಳುಬೆಳೆಗಳು ಹೂವು ಉದುರಿಸುವುದು ಬರದಲ್ಲಷ್ಟೇ ಅಲ್ಲ. ತೊಗರಿ ಒಳ್ಳೆಯ ವರ್ಷದಲ್ಲೂ ಹತ್ತು ಹೂವಿನಲ್ಲಿ ಎಂಟು, ಒಂಬತ್ತನ್ನು ಕಳಚಿಹಾಕುತ್ತದೆ. ಉಳಿಯುವ ಆ ಒಂದೆರಡರಲ್ಲೂ ಬರ ಪಾಲು ಕೇಳಿದಾಗ ನಷ್ಟ ಕಾಣುತ್ತದೆ.

ಅಲಸಂದೆಯಲ್ಲಿ ಇದರ ಗುರುತು ಗಿಡದ ಮೇಲೇ ಉಳಿದಿರುತ್ತದೆ. ಉದ್ದನೆಯ ಹೂದಂಟಿನ ತುದಿಯನ್ನು ಹತ್ತಿರದಿಂದ ನೋಡಿ. ಜೋಡಿಜೋಡಿಯಾಗಿ ಉಬ್ಬು ಗುರುತುಗಳಿರುತ್ತವೆ, ನಡುವೆ ಜಿನುಗುವ ಮಧುಗ್ರಂಥಿಗೆ ಇರುವೆ ಮುತ್ತಿರುತ್ತವೆ. ಒಂದೊಂದು ಗುರುತೂ ಉದುರಿದ ಒಂದೊಂದು ಮೊಗ್ಗು, ಹೂವು ಅಥವಾ ಹೀಚಿನದು. ಸಾಮಾನ್ಯವಾಗಿ ಒಂದು ದಂಟಿಗೆ ಎರಡು ಕಾಯಿ ನಿಲ್ಲುತ್ತವೆ. ಹೊಲದ ತುಂಬ ದಂಟುಗಳು ಬೋಳಾಗಿ ನಿಂತಿದ್ದರೆ ಎಲೆ ಎಷ್ಟು ಹಸಿರಾಗಿದ್ದರೂ ಹೂವಿನ ವಾರ ನೀರು ತಪ್ಪಿತ್ತೆಂದು ತಿಳಿಯಬಹುದು. ಜಗತ್ತಿನ ಬೇರೆಬೇರೆ ಕಡೆಯ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಎಲೆ ಬೆಳೆಯುವ ಹಂತದ ಬರಕ್ಕಿಂತ ಹೂವು, ಕಾಳಿನ ಹಂತದ ಬರವೇ ಹೆಚ್ಚು ಇಳುವರಿ ತಿಂದಿದೆ.

ಈಗ ಇದನ್ನು ನಮ್ಮ ಮಳೆ ನಕ್ಷತ್ರಗಳ ಪಕ್ಕ ಇಡೋಣ. ಅಲಸಂದೆ ಬಿತ್ತಿದ 40, 45 ದಿನಕ್ಕೆ ಹೂವಿಗೆ ಬರುತ್ತದೆ. ಭರಣಿಯಲ್ಲಿ, ಅಂದರೆ ಮೇ ಮೊದಲ ವಾರದಲ್ಲಿ ಬಿತ್ತಿದ್ದರೆ ಹೂವು ಮೃಗಶಿರದಲ್ಲಿ. ಕೃತ್ತಿಕೆ, ರೋಹಿಣಿಯ ಮಳೆ ಮಣ್ಣನ್ನು ತುಂಬಿಸಿರುತ್ತದೆ. ಕಾಳು ಕಟ್ಟುವ ಹೊತ್ತಿಗೆ ಆರಿದ್ರ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಎಂಬ ಗಾದೆಯ ತೂಕ ಆಗ ಗೊತ್ತಾಗುತ್ತದೆ. ಮೊದಲ ಮಳೆ ಹಿಂದಾಗಿ ರೋಹಿಣಿ ಕೊನೆಗೆ ಬಿತ್ತಿದಿರೋ, ಹೂವು ಬರುವುದು ಜುಲೈ ಮಧ್ಯದಲ್ಲಿ, ಆಷಾಢದ ಗಾಳಿಯ ನಡುವೆ. ಎರಡೂ ಹೊಲ ವರ್ಷದ ಕೊನೆಗೆ ಅಷ್ಟೇ ಮಿಲಿಮೀಟರ್ ಮಳೆ ಕಂಡಿರುತ್ತವೆ. ಮೊದಲಲ್ಲಿ ಕೇಳಿದ ಆ ಮಾತಿಗೆ ಉತ್ತರ ಇಲ್ಲಿದೆ.

ಕಾಳು ತುಂಬುವಾಗ ಬರ ಬಂದರೆ ಗಿಡ ಬೇಗ ಮುಗಿಸಿಕೊಳ್ಳಲು ನೋಡುತ್ತದೆ. ಎಲೆಯಲ್ಲಿದ್ದ ಸಾರಜನಕವನ್ನು ಕಾಳಿಗೆ ಸಾಗಿಸಿ ಎಲೆ ಹಳದಿಯಾಗಿ ಉದುರುತ್ತದೆ. ತುಂಬುವ ಅವಧಿ ಮೊಟಕಾಗಿ ಕಾಳು ಸಣ್ಣದಾಗುತ್ತದೆ, ಸಿಪ್ಪೆ ಸುಕ್ಕುಗಟ್ಟುತ್ತದೆ.

ಒಣ ಹವೆಯ ಜೊತೆಗೆ ಬರುವ ಕಾಟಗಳೂ ಉಂಟು. ಬಿಳಿನೊಣ ಹೆಚ್ಚಿ ಹೆಸರು, ಉದ್ದಿಗೆ ಹಳದಿ ನಂಜು ರೋಗ ಹಬ್ಬಿಸುತ್ತದೆ. ನೀರಿಲ್ಲದೆ ಸೊರಗಿದ ಬೇರಿಗೆ ಒಣ ಬೇರುಕೊಳೆ ರೋಗ ಸುಲಭವಾಗಿ ಹತ್ತುತ್ತದೆ.

ಒಂದೊಂದು ಕಾಳಿನದೂ ಒಂದೊಂದು ದಾರಿ

ಹೆಸರು ಓಡಿ ತಪ್ಪಿಸಿಕೊಳ್ಳುವ ಬೆಳೆ. 60ರಿಂದ 70 ದಿನದಲ್ಲಿ ಮುಗಿಸಿ ಕಣ ಸೇರುತ್ತದೆ. ಬರ ಬರುವ ಮುನ್ನ ಮುಗಿಸಿದರೆ ಗೆದ್ದ ಹಾಗೆ, ನಡುವೆ ಸಿಕ್ಕಿಹಾಕಿಕೊಂಡರೆ ಚೇತರಿಸಿಕೊಳ್ಳಲು ಸಮಯವಿಲ್ಲ.

ತೊಗರಿಯ ಬಲ ಅದರ ಬೇರು. ಮಣ್ಣು ಬಿಟ್ಟುಕೊಟ್ಟರೆ ಒಂದೂವರೆ ಮೀಟರಿಗೂ ಕೆಳಗೆ ಇಳಿಯುತ್ತದೆ. ಕೋಶಗಳೊಳಗೆ ಸಕ್ಕರೆ, ಪ್ರೋಲಿನ್ ಮುಂತಾದವನ್ನು ಶೇಖರಿಸಿ ಒಣ ಮಣ್ಣಿನಿಂದಲೂ ನೀರೆಳೆಯುತ್ತದೆ. ಒಮ್ಮೆ ಹೂವು ಉದುರಿದರೂ ಮಳೆ ಬಂದರೆ ಮತ್ತೆ ಹೂಬಿಡುತ್ತದೆ. ರಾಗಿಯ ಜೊತೆ ತೊಗರಿಯನ್ನು ಅಕ್ಕಡಿ (ಸಾಲುಗಳ ನಡುವೆ ಬೇರೆ ಬೆಳೆಯ ಸಾಲು) ಹಾಕುವ ನಮ್ಮ ಹಳೆ ಪದ್ಧತಿಯಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಆಳದ ಬೇರು ರಾತ್ರಿ ಹೊತ್ತು ಕೆಳಗಿನ ನೀರನ್ನು ಮೇಲಿನ ಒಣ ಪದರಕ್ಕೆ ಬಿಡುತ್ತದೆ, ಬೇರಿಗೆ ಅಂಟಿ ಬದುಕುವ ಶಿಲೀಂಧ್ರದ ಎಳೆಗಳ ಜಾಲದ ನೆರವಿನಿಂದ ಅದು ಪಕ್ಕದ ರಾಗಿಗೂ ದಕ್ಕುತ್ತದೆ ಎಂದು ಕುಂಡದ ಪ್ರಯೋಗಗಳಲ್ಲಿ ಕಂಡಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲೂ ಈ ಜೋಡಿಯ ಮೇಲೆ ಹೊಲದ ಪ್ರಯೋಗ ನಡೆದಿದೆ. ಹೊಲದಲ್ಲಿ ಎರಡರ ನಡುವೆ ಪೈಪೋಟಿಯೂ ಇರುವುದರಿಂದ ಸಾಲಿನ ಅಂತರ ಮುಖ್ಯ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಬಳಕೆಯಲ್ಲಿರುವ ಶಿಫಾರಸು.

ಅವರೆಯ ನಾಡತಳಿಗಳು ಹಗಲು ಮೊಟಕಾಗುವವರೆಗೂ ಹೂವು ಬಿಡುವುದಿಲ್ಲ. ಯಾವಾಗ ಬಿತ್ತಿದರೂ ಮಳೆಗಾಲ ಮುಗಿಯುವ ಹೊತ್ತಿಗೇ ಹೂವು, ಆಮೇಲೆ ಉಳಿದ ತೇವದಲ್ಲೇ ಕಾಯಿ. ಚಿತ್ತೆ, ಸ್ವಾತಿ ಕೈಬಿಟ್ಟರೆ ಆ ವರ್ಷ ಸೊಗಡವರೆ ಸಂತೆಗೆ ಬರುವುದೇ ಕಮ್ಮಿ. ಮುಂಜಾವಿನ ಇಬ್ಬನಿ ಬೇರಿಗೆ ನೀರುಣಿಸುವಷ್ಟು ಇರುವುದಿಲ್ಲ. ಎಲೆ ಒದ್ದೆಯಾಗಿರುವಷ್ಟು ಹೊತ್ತು ಆವಿಯಾಗುವುದು ತಗ್ಗುತ್ತದೆ, ಅಷ್ಟು ಉಪಕಾರ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದ ನೋಡದೆ ಹೂಬಿಡುವುದರಿಂದ ಹೂವಿನ ಕಾಲವನ್ನು ಮಳೆಗೆ ಹೊಂದಿಸಿಕೊಳ್ಳುವ ಅವಕಾಶ ರೈತನ ಕೈಗೆ ಬಂತು. ಬರದ ದೃಷ್ಟಿಯಿಂದ ಇದನ್ನು ನಾನು ಬಹಳ ದೊಡ್ಡ ಅನುಕೂಲವೆಂದೇ ಎಣಿಸುತ್ತೇನೆ.

ಹುರುಳಿಯ ವಿಷಯ ಹೇಳುವುದೇ ಬೇಡ. ಬೇರೆ ಯಾವುದೂ ಬಾರದ ಗರಸು ಹೊಲದಲ್ಲಿ, ಸೆಪ್ಟೆಂಬರ್ ನಂತರದ ಮಳೆಗೆ ಬಿತ್ತಿದರೂ ಎಲೆ ಚಿಕ್ಕದು ಮಾಡಿಕೊಂಡು, ನೆಲಕ್ಕೆ ಹರಡಿ ಮುಚ್ಚಿಕೊಂಡು, ಒಂದಿಷ್ಟಾದರೂ ಕೊಡುತ್ತದೆ.

ಕಡ್ಲೆಕಾಯಿಯದು ವಿಶೇಷ ಪ್ರಕರಣ. ಹೂವು ಮೇಲೆ, ಕಾಯಿ ಮಣ್ಣೊಳಗೆ. ಗರ್ಭಕಟ್ಟಿದ ಮೇಲೆ ಊಡು, ಅಂದರೆ ಹೂವಿನ ಬುಡದಿಂದ ಹೊರಡುವ ಮೊನೆಯಂಥ ಕಡ್ಡಿ, ಕೆಳಗಿಳಿದು ನೆಲ ಹೊಗಬೇಕು. ಮೇಲಿನ ಎರಡು ಅಂಗುಲ ಮಣ್ಣು ಗಟ್ಟಿಯಾಗಿ ಒಣಗಿದ್ದರೆ ಬೇರಿಗೆ ಕೆಳಗೆ ನೀರಿದ್ದರೂ ಊಡು ಹೊರಗೇ ಬತ್ತುತ್ತದೆ. ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು, ಅದಕ್ಕೂ ತೇವ ಬೇಕು. ಇಲ್ಲದಿದ್ದರೆ ಬರೀ ಸಿಪ್ಪೆ. ಇನ್ನೂ ಗಂಭೀರವಾದದ್ದು ಕೊಯ್ಲಿಗೆ ಮುಂಚಿನ ಮೂರ್ನಾಲ್ಕು ವಾರದ ಬರ. ಬಿಸಿಯಾದ ಒಣ ಮಣ್ಣಿನಲ್ಲಿ ಕಾಯಿಯ ತೇವ ಇಳಿದಾಗ ಶಿಲೀಂಧ್ರವನ್ನು ತಡೆಯುವ ಅದರ ಶಕ್ತಿ ಕುಗ್ಗಿ, ಆಸ್ಪರ್ಜಿಲಸ್ ಎಂಬ ಬೂಷ್ಟು ಸೇರಿಕೊಂಡು ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. ಯಕೃತ್ತಿಗೆ ಕುತ್ತು ತರುವ ಈ ವಿಷ ಹುರಿದರೂ ಪೂರ್ತಿ ಹೋಗದು. ಕಣ್ಣಿಗೆ ಕಾಣದು. ಬರದ ವರ್ಷ ಸುಕ್ಕಿದ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ಎಸೆಯಿರಿ. ಹಸುವಿಗೂ ಹಾಕಬೇಡಿ, ಹಾಲಿನಲ್ಲಿ ಮರಳಿ ಬರುತ್ತದೆ.

ಕೈಲಾಗುವುದು

ಮೊದಲ ಕೆಲಸ ಮಣ್ಣಿನಲ್ಲಿ ನಿಲ್ಲುವ ನೀರನ್ನು ಹೆಚ್ಚಿಸುವುದು. ಬದು ಕಟ್ಟುವುದು, ಇಳಿಜಾರಿಗೆ ಅಡ್ಡ ಉಳುಮೆ, ಗೊಬ್ಬರ, ಕೆರೆಗೋಡು (ಕೆರೆಯ ಹೂಳು) ಎಲ್ಲವೂ ಅದಕ್ಕೇ. ಕೆಂಪುಮಣ್ಣಿಗೆ ಕೆರೆಗೋಡು ಹೊಡೆಸುವುದನ್ನು ಗೊಬ್ಬರದ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ. ಅದರ ಜೇಡಿ ಅಂಶ ನೀರು ಹಿಡಿಯುವ ಶಕ್ತಿಯನ್ನು ಹೆಚ್ಚಿಸಿ ಮೇಲೆ ಹೇಳಿದ ಹತ್ತು ದಿನಕ್ಕೆ ಒಂದೆರಡು ದಿನ ಸೇರಿಸಿದರೆ ಅದೇ ಹೂವು ಉಳಿಸುತ್ತದೆ. ಮಳೆ ಬಿದ್ದ ಮೇಲೆ ಎಡೆಕುಂಟೆ ಹೊಡೆದರೆ ಕಳೆ ಕುಡಿಯುವ ನೀರು ಉಳಿಯುತ್ತದೆ, ಮೇಲ್ಮಣ್ಣು ಸಡಿಲವಾಗಿ ಕೆಳಗಿನ ತೇವ ಬೇಗ ಆರುವುದಿಲ್ಲ.

ಹೂವಿನ ಹಂತದಲ್ಲಿ ಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಬೆರೆಸಿ ಸಂಜೆ ಹೊತ್ತು ಸಿಂಪಡಿಸುವುದುಂಟು. ಬೇರುಗಂಟು ನಿಲ್ಲಿಸಿದ ಕೆಲಸಕ್ಕೆ ಎಲೆಯ ಮೂಲಕ ಅಷ್ಟಿಷ್ಟು ಪೂರೈಕೆ ಅದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಸಿಂಪಡಣೆ ಮಿಶ್ರಣದಲ್ಲಿ ಪೋಷಕಾಂಶದ ಜೊತೆ ಹೂ ಉದುರುವುದನ್ನು ತಡೆಯುವ ಬೆಳವಣಿಗೆ ಪ್ರಚೋದಕವೂ ಇದೆ. ಇವು ತೇವ ಇನ್ನೂ ಸ್ವಲ್ಪ ಉಳಿದಿರುವಾಗ ಫಲ ಕೊಡುತ್ತವೆ. ಪೂರ್ತಿ ಒಣಗಿದ ಹೊಲದಲ್ಲಿ ಸಿಂಪಡಣೆಗೆ ದುಡ್ಡು ಹಾಕುವುದಕ್ಕಿಂತ ಆ ದುಡ್ಡಲ್ಲಿ ಆದಷ್ಟು ನೀರು ಕೊಡಿಸಿದರೆ ಮೇಲು ಎನ್ನುವವನು ನಾನು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಕೆಆರ್‌ಎಸ್ ಕೂಡ ತುಂಬಲಿಲ್ಲ. ನಾಲೆ ನೀರು ನಂಬಿದವರಿಗೂ ಖುಷ್ಕಿಯವರ ಪಾಡು ಆ ವರ್ಷ ಗೊತ್ತಾಯಿತು. ಅಂಥ ವರ್ಷದಲ್ಲಿ ಕೃಷಿ ಹೊಂಡದಲ್ಲಿ ನಿಂತ ನೀರನ್ನು ಯಾವಾಗ ಬಿಡಬೇಕು ಎಂಬುದು ದೊಡ್ಡ ಪ್ರಶ್ನೆ. ಒಂದು ಎಕರೆಗೆ 25 ಮಿಲಿಮೀಟರ್ ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು ದಡವಿರುವ ಹೊಂಡ ತುಂಬಿದಾಗ ಸುಮಾರು ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಇಂಗಿ, ಆವಿಯಾಗಿ ಹೋದದ್ದನ್ನು ಕಳೆದರೆ ಎರಡು ಎಕರೆಗೆ ಒಂದು ಸಲ ತುಂತುರು ನೀರಾವರಿಯಲ್ಲಿ ಕೊಡುವಷ್ಟು ಉಳಿದೀತು. ಎರಡನೇ ಸಲಕ್ಕೆ ನೀರಿಲ್ಲ. ಬಹಳ ಜನ ಗಿಡ ಚಿಕ್ಕದಿರುವಾಗಲೇ ಒಣಗುತ್ತಿದೆಯೆಂದು ಮರುಗಿ ಹೊಂಡ ಖಾಲಿ ಮಾಡಿಬಿಡುತ್ತಾರೆ, ಹೂವಿನ ವಾರಕ್ಕೆ ತಳದ ಕೆಸರು ಉಳಿದಿರುತ್ತದೆ. ಅಲಸಂದೆಯಾದರೆ ಬಿತ್ತಿದ 35ನೇ ದಿನದಿಂದ ಮೊಗ್ಗು ನೋಡುತ್ತಿರಿ. ಮೊಗ್ಗು ಮೂಡಿ, ಮಳೆ ಹೋಗಿ ಆರೇಳು ದಿನವಾಗಿ, ಮಧ್ಯಾಹ್ನ ಎಲೆಗಳು ನಿಟ್ಟನೆ ನಿಲ್ಲತೊಡಗಿದರೆ ಅಂದು ಸಂಜೆಯೇ ಮೋಟರ್ ಹಚ್ಚಿ.